ಸಿಒಪಿಡಿ ಇದ್ದವರು ಸಿಗರೇಟು ಬಿಟ್ಟು ವೇಪ್ ಹಿಡಿಯಬಹುದೇ?

ದುಬೈನಲ್ಲಿರುವ ಮಗ ರಜೆಗೆ ಊರಿಗೆ ಬರುವಾಗ ಅಪ್ಪನಿಗೆಂದು ಒಂದು ವೇಪ್, ಅಂದರೆ ಇ-ಸಿಗರೇಟು, ತರುತ್ತಾನೆ. ಅಪ್ಪನಿಗೆ ಸಿಒಪಿಡಿ, ಅಂದರೆ ಉಸಿರಿನ ದಾರಿ ಕಿರಿದಾಗುವ ದೀರ್ಘಕಾಲದ ಶ್ವಾಸಕೋಶದ ಕಾಯಿಲೆ. ನಾಲ್ಕು ಮೆಟ್ಟಿಲು ಹತ್ತಿದರೆ ಏದುಸಿರು, ಬೆಳಗೆದ್ದರೆ ಕಫ. "ಹೇಗೂ ಬಿಡಲ್ಲ ಅಂತೀರಲ್ಲಪ್ಪ, ಇದನ್ನಾದ್ರೂ ಸೇದಿ. ಇದರಲ್ಲಿ ಹೊಗೆನೇ ಇಲ್ಲ." ಇಂಥ ಮಾತು ಈಗ ಎಷ್ಟೋ ಮನೆಗಳಲ್ಲಿ ಕೇಳಿಬರುತ್ತದೆ. ಕಾಳಜಿಯೇನೋ ನಿಜ, ಆದರೆ ಅದರ ಹಿಂದಿರುವ ನಂಬಿಕೆಗಳು ಹೆಚ್ಚಿನವು ತಪ್ಪು.

ನಂಬಿಕೆ: ಅದು ಬರೀ ನೀರಿನ ಆವಿ

ಅಲ್ಲ. ಒಳಗಿರುವ ದ್ರವ ಪ್ರೊಪಿಲೀನ್ ಗ್ಲೈಕಾಲ್, ಗ್ಲಿಸರಿನ್, ನಿಕೋಟಿನ್ ಮತ್ತು ಪರಿಮಳದ ರಾಸಾಯನಿಕಗಳ ಮಿಶ್ರಣ. ದಮ್ ಎಳೆದಾಗ ಬ್ಯಾಟರಿ ಒಂದು ಲೋಹದ ಸುರುಳಿಯನ್ನು ಕಾಯಿಸುತ್ತದೆ; ದ್ರವ ಅತಿ ಸಣ್ಣ ಹನಿಗಳಾಗಿ ಶ್ವಾಸಕೋಶದ ಆಳಕ್ಕೆ ಇಳಿಯುತ್ತದೆ. ಕಾದ ಗ್ಲಿಸರಿನ್ ಒಡೆದಾಗ ಅಕ್ರೋಲಿನ್ ಹುಟ್ಟುತ್ತದೆ. ಬಾಣಲೆಯ ಎಣ್ಣೆ ಮಿತಿಮೀರಿ ಕಾದಾಗ ಕಣ್ಣು ಉರಿಸಿ ಮನೆಮಂದಿಯನ್ನೆಲ್ಲ ಕೆಮ್ಮಿಸುತ್ತದಲ್ಲ, ಅದೇ ವಸ್ತು. ಸುರುಳಿಯಿಂದ ನಿಕಲ್, ಕ್ರೋಮಿಯಂ ಕಣಗಳೂ ಸೇರಿಕೊಳ್ಳಬಹುದು. ಆರೋಗ್ಯವಂತರ ಶ್ವಾಸನಾಳದಲ್ಲಿ ಕಸವನ್ನು ಮೇಲಕ್ಕೆ ತಳ್ಳುವ ಸೂಕ್ಷ್ಮ ರೋಮಗಳಿರುತ್ತವೆ. ಸಿಒಪಿಡಿ ರೋಗಿಯಲ್ಲಿ ಅವು ಆಗಲೇ ಹಾಳಾಗಿರುತ್ತವೆ, ಒಳಹೊಕ್ಕ ಇದನ್ನೆಲ್ಲ ಹೊರತಳ್ಳುವುದು ಕಷ್ಟ.

ನಂಬಿಕೆ: ಇಂಗ್ಲೆಂಡಿನವರೇ ಶೇ. 95 ಸುರಕ್ಷಿತ ಅಂದಿದ್ದಾರೆ

2015ರಲ್ಲಿ ಪಬ್ಲಿಕ್ ಹೆಲ್ತ್ ಇಂಗ್ಲೆಂಡ್ ಹೇಳಿದ್ದು, ವೇಪ್‌ನಿಂದ ಸಿಗರೇಟಿಗಿಂತ ಸುಮಾರು ಶೇ. 95ರಷ್ಟು ಕಡಿಮೆ ಹಾನಿ ಎಂದು. ಸುರಕ್ಷಿತ ಎಂದಲ್ಲ. ಅದು ತಜ್ಞರ ಅಂದಾಜು. ರೋಗಪೀಡಿತ ಶ್ವಾಸಕೋಶಗಳನ್ನು ವರ್ಷಗಟ್ಟಲೆ ಪರೀಕ್ಷಿಸಿ ತೆಗೆದ ಲೆಕ್ಕವಲ್ಲ.

ಹಾಗೆಂದು ಬ್ರಿಟನ್ನಿನವರ ವಾದವನ್ನು ತಳ್ಳಿಹಾಕುವಂತಿಲ್ಲ. ಅಲ್ಲಿ ಸುಮಾರು 900 ಧೂಮಪಾನಿಗಳ ಮೇಲೆ ನಡೆದು 2019ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ, ವೇಪ್ ಪಡೆದವರಲ್ಲಿ ಶೇ. 18 ಮಂದಿ ವರ್ಷದ ನಂತರವೂ ಸಿಗರೇಟಿನಿಂದ ದೂರವಿದ್ದರು. ನಿಕೋಟಿನ್ ಗಮ್, ಪ್ಯಾಚ್‌ನಂಥವು ಪಡೆದವರಲ್ಲಿ ಶೇ. 9.9. ಆದರೆ ವೇಪ್‌ನಿಂದ ಸಿಗರೇಟು ಬಿಟ್ಟವರಲ್ಲಿ ಶೇ. 80 ಮಂದಿ ಆಗಲೂ ವೇಪ್ ಸೇದುತ್ತಲೇ ಇದ್ದರು. ಸಿಒಪಿಡಿ ರೋಗಿಗೆ ಇದು ಸಣ್ಣ ಮಾತಲ್ಲ. ಇಟಲಿಯ ಕಟಾನಿಯಾದಲ್ಲಿ ಸಿಒಪಿಡಿ ರೋಗಿಗಳ ಮೇಲೆಯೇ ನಡೆದ ಅಧ್ಯಯನದಲ್ಲಿ ಒಳ್ಳೆಯ ಫಲ ಕಂಡಿದ್ದುಂಟು, ಆದರೆ ಅದರಲ್ಲಿದ್ದವರು ಹತ್ತಾರು ಮಂದಿ ಮಾತ್ರ.

ಇನ್ನೊಂದು ವಿಷಯ. ಬ್ರಿಟನ್ನಿನಲ್ಲಿ ನಿಕೋಟಿನ್ ಮಿಲಿಲೀಟರಿಗೆ 20 ಮಿಲಿಗ್ರಾಂ ಮೀರುವಂತಿಲ್ಲ, ಸರಕಿನ ಮೇಲೆ ಕಣ್ಗಾವಲಿದೆ. ಕರ್ನಾಟಕ 2016ರಲ್ಲೇ ಇ-ಸಿಗರೇಟು ನಿಷೇಧಿಸಿತು, 2019ರಿಂದ ಇಡೀ ದೇಶದಲ್ಲೇ ನಿಷೇಧ. ಹೊರದೇಶದಿಂದ ತರುವುದೂ ಅಪರಾಧ. ಹಾಗಾಗಿ ಇಲ್ಲಿ ಕದ್ದುಮುಚ್ಚಿ ಸಿಗುವ ಸರಕಿನೊಳಗೆ ಏನಿದೆಯೆಂದು ನೋಡುವವರೇ ಇಲ್ಲ. ಬ್ರಿಟನ್ನಿನ ಅಂಕಿ ಈ ಸರಕಿಗೆ ಅನ್ವಯಿಸುವುದಿಲ್ಲ. ಕಳ್ಳಸರಕು ಎಷ್ಟು ಅಪಾಯಕಾರಿ ಎಂಬುದಕ್ಕೆ ಒಂದು ಉದಾಹರಣೆ: 2019–20ರಲ್ಲಿ ಅಮೆರಿಕದಲ್ಲಿ ವೇಪ್ ಸೇದಿ 2,807 ಮಂದಿ ಆಸ್ಪತ್ರೆ ಸೇರಿದರು ಇಲ್ಲವೇ ಸತ್ತರು, ಸತ್ತವರು 68. ಅಲ್ಲಿ ಮುಖ್ಯ ಅಪರಾಧಿ ನಿಕೋಟಿನ್ ಅಲ್ಲ, ಕಳ್ಳಮಾರ್ಗದ ಗಾಂಜಾ ಎಣ್ಣೆಗೆ ಬೆರೆಸಿದ್ದ ವಿಟಮಿನ್ ಇ ಅಸಿಟೇಟ್.

ನಂಬಿಕೆ: ಮನೆಯೊಳಗೆ ವೇಪ್, ಹೊರಗೆ ನಾಲ್ಕೇ ಸಿಗರೇಟು, ಅಷ್ಟಾದರೂ ಲಾಭ

ಎರಡನ್ನೂ ಸೇದುವವರಿಗೆ ಲಾಭವೆಂದು ಹೇಳಿಕೊಳ್ಳುವಂಥದ್ದು ಬಹಳವಿಲ್ಲ. ಮನೆಯಲ್ಲಿ ಆಕ್ಸಿಜನ್ ಹಾಕಿಕೊಳ್ಳುವವರಂತೂ ಮೂಗಿಗೆ ನಳಿಕೆ ಇಟ್ಟುಕೊಂಡು ವೇಪ್ ಮುಟ್ಟಲೇಬಾರದು. ಕಡ್ಡಿ ಗೀರದಿದ್ದರೂ ಕಾದ ಸುರುಳಿಯೇ ಸಾಕು, ಆಕ್ಸಿಜನ್ ಹೀರಿದ ಬಟ್ಟೆ, ಗಡ್ಡ, ಹಾಸಿಗೆ ಕ್ಷಣದಲ್ಲಿ ಹೊತ್ತಿಕೊಳ್ಳುತ್ತವೆ.

ನಂಬಿಕೆ: ವೇಪ್ ಬೇಡವೆಂದರೆ ಸಿಗರೇಟೇ ಗತಿ

ನನ್ನ ಪ್ರಕಾರ ಎಲ್ಲಕ್ಕಿಂತ ದೊಡ್ಡ ತಪ್ಪು ಇದೇ. ಚಟ ನಿಕೋಟಿನ್‌ನದು, ಶ್ವಾಸಕೋಶವನ್ನು ಸುಡುವುದು ಮುಖ್ಯವಾಗಿ ಹೊಗೆ. ನಿಕೋಟಿನ್ ಬೇಕೆಂದರೆ ಶ್ವಾಸಕೋಶದ ದಾರಿಯೇ ಬೇಕಿಲ್ಲ. ಚರ್ಮಕ್ಕೆ ಅಂಟಿಸುವ ಪ್ಯಾಚ್ ಇದೆ, ಗಮ್ ಇದೆ. ಗಮ್ಮನ್ನು ಬಬಲ್‌ಗಮ್ಮಿನ ಹಾಗೆ ಜಗಿಯುತ್ತ ಕೂತರೆ ಬಿಕ್ಕಳಿಕೆ, ಎದೆಯುರಿ ಬಂದು "ಇದು ನನಗೆ ಆಗಿಬರಲ್ಲ" ಎನಿಸುತ್ತದೆ. ನಾಲ್ಕು ಸಲ ಜಗಿದು, ನಾಲಿಗೆ ಚುರುಗುಟ್ಟಿದೊಡನೆ ಕೆನ್ನೆ-ವಸಡಿನ ಸಂದಿಗೆ ಒತ್ತರಿಸಿ ಸುಮ್ಮನಿರಬೇಕು. ಅದಕ್ಕೂ ಬಗ್ಗದಿದ್ದರೆ ವೈದ್ಯರು ವರೆನಿಕ್ಲಿನ್, ಬುಪ್ರೊಪಿಯಾನ್ ಮಾತ್ರೆ ಬರೆದುಕೊಡಬಲ್ಲರು. ಇದೆಲ್ಲ ಸೋತ ಮೇಲೂ ಬಿಡಲಾಗದ ರೋಗಿಗೆ ಬ್ರಿಟನ್ನಿನ ವೈದ್ಯರು ವೇಪ್ ಸೂಚಿಸಿದರೆ ಅದಕ್ಕೊಂದು ಅರ್ಥವಿದೆ, ಸಿಗರೇಟು ಪೂರ್ತಿ ನಿಲ್ಲುವುದಾದರೆ.

ವಿಚಿತ್ರವೆಂದರೆ, ಅಂಜಿಕೆಯಿಲ್ಲದೆ ವೇಪ್ ಎಳೆಯುವವರೇ ಡಾಕ್ಟರು ಇನ್‌ಹೇಲರ್ ಕೊಟ್ಟರೆ "ಅಭ್ಯಾಸ ಆಗಿಬಿಡುತ್ತೆ" ಎಂದು ಹೆದರುತ್ತಾರೆ!

"ಆಗಿದ್ದು ಆಗಿಹೋಯ್ತು, ಈಗ ಬಿಟ್ಟು ಏನು?" ಎನ್ನುವವರಿಗೆ ಉತ್ತರ 1986ರಲ್ಲಿ ಅಮೆರಿಕ, ಕೆನಡಾಗಳಲ್ಲಿ 5,887 ಧೂಮಪಾನಿಗಳೊಡನೆ ಶುರುವಾದ ಅಧ್ಯಯನದಲ್ಲಿದೆ. ಜೋರಾಗಿ ಊದಿದಾಗ ಮೊದಲ ಸೆಕೆಂಡಿನಲ್ಲಿ ಹೊರಬರುವ ಗಾಳಿ, ಸೇದುತ್ತಲೇ ಇದ್ದ ಗಂಡಸರಲ್ಲಿ ವರ್ಷಕ್ಕೆ ಸುಮಾರು 66 ಮಿಲಿಲೀಟರ್ ತಗ್ಗಿತು. ಪೂರ್ತಿ ಬಿಟ್ಟವರಲ್ಲಿ ಸುಮಾರು 30. ಬಿಡಲು ಜೊತೆಗೊಬ್ಬರು ಬೇಕೆನಿಸಿದರೆ ಸರ್ಕಾರದ ತಂಬಾಕು ಕ್ವಿಟ್‌ಲೈನ್ 1800-112-356ಕ್ಕೆ ಕರೆ ಮಾಡಬಹುದು, ದುಡ್ಡು ಕೊಡಬೇಕಿಲ್ಲ. ಅದರ ಒಂದು ಕೇಂದ್ರ ಬೆಂಗಳೂರಿನ ನಿಮ್ಹಾನ್ಸ್‌ನಲ್ಲೇ ಇದೆ.