ಪಾಠದ ವಿಡಿಯೊಗೆ ಕನ್ನಡದ ದನಿ

ತಾಳವಾಡಿ ಕಡೆಯ ನಮ್ಮ ಮಕ್ಕಳಿಗೆ ತಮಿಳಿನಲ್ಲಿರುವ ಗಣಿತದ ವಿಡಿಯೊ ಸಿಕ್ಕರೆ, ಅದರ ವಿವರಣೆಯನ್ನು ನಾವೇ ಕನ್ನಡದಲ್ಲಿ ಓದಿ, ಫೋನಿನಲ್ಲಿ ರೆಕಾರ್ಡ್ ಮಾಡಿ ಸೇರಿಸಬಹುದು. ಮೊದಲ ಸಲ ನಾನು ಯಾವುದೋ ಕನ್ವರ್ಟರ್‌ಗೆ ಹಾಕಿ ಕೆಟ್ಟೆ. ಅದು ಚಿತ್ರವನ್ನೆಲ್ಲ ಮತ್ತೆ ಕುಗ್ಗಿಸಿತು. ಹಲಗೆಯ ಮೇಲಿನ 3 ಯಾವುದು, 8 ಯಾವುದು ತಿಳಿಯದೆ ಮೊಮ್ಮಗಳು ಲೆಕ್ಕ ತಪ್ಪಿದಳು. ಬೈಸಿಕೊಂಡವಳೂ ಅವಳೇ.

ವಿಡಿಯೊ ಫೈಲ್ ಎಂಬುದು ಊಟದ ಕ್ಯಾರಿಯರ್ ಇದ್ದಂತೆ. ಚಿತ್ರ, ದನಿ, ಅಡಿಬರಹ ಬೇರೆ ಬೇರೆ ಡಬ್ಬಿಗಳು. ಪಲ್ಯದ ಡಬ್ಬಿ ಬದಲಿಸಲು ಅನ್ನವನ್ನು ಮತ್ತೆ ಬೇಯಿಸುವುದುಂಟೆ?

ಎಂಕೆವಿಟೂಲ್‌ನಿಕ್ಸ್ ಎಂಬ ಉಚಿತ ತಂತ್ರಾಂಶ ಈ ಡಬ್ಬಿಗಳನ್ನಷ್ಟೇ ಜೋಡಿಸುತ್ತದೆ, ಚಿತ್ರವನ್ನು ಮುಟ್ಟುವುದಿಲ್ಲ. ಕಂಪ್ಯೂಟರಿನಲ್ಲಿ ಅದನ್ನು ತೆರೆದು ವಿಡಿಯೊ, ಕನ್ನಡದ ಆಡಿಯೊ, ಎಸ್‌ಆರ್‌ಟಿ ಅಡಿಬರಹ ಮೂರನ್ನೂ ಎಳೆದು ಹಾಕಿ. ಬೇಡದ ಟ್ರ್ಯಾಕಿನ ಗುರುತು ತೆಗೆಯಿರಿ. ಹೊಸ ದನಿಗೆ ಭಾಷೆ ಕನ್ನಡ ಎಂದು ನಮೂದಿಸಿ, ‘ಡಿಫಾಲ್ಟ್’ ಮಾಡಿ; ತಮಿಳಿನದರ ‘ಡಿಫಾಲ್ಟ್’ ತೆಗೆಯಿರಿ. ಆಮೇಲೆ ಜೋಡಿಸುವ ಗುಂಡಿ ಒತ್ತಿದರೆ ಹೊಸ ಎಂಕೆವಿ ಫೈಲ್ ಸಿದ್ಧ. ಹಳೆಯದು ಹಾಗೆಯೇ ಉಳಿದಿರುತ್ತದೆ.

ಅಡಿಬರಹವನ್ನು ಯುಟಿಎಫ್-8 ರೂಪದಲ್ಲೇ ಉಳಿಸಿ, ಇಲ್ಲವಾದರೆ ಕನ್ನಡದ ಬದಲು ಚಿತ್ರವಿಚಿತ್ರ ಚಿಹ್ನೆಗಳು ಬರಬಹುದು. ಕನ್ನಡದ ದನಿ ಅರ್ಧ ಸೆಕೆಂಡ್ ಮುಂಚೆ ಬರುತ್ತಿದ್ದರೆ ಆ ಟ್ರ್ಯಾಕಿನ ‘ಡಿಲೇ’ ಜಾಗದಲ್ಲಿ 500 ಎಂದು ಬರೆಯಿರಿ. ತಡವಾಗಿ ಬಂದರೆ ಮುಂದೆ ಋಣ ಚಿಹ್ನೆ ಇಡಿ. ಫೋನಿನಲ್ಲಿ ತೆರೆಯದಿದ್ದರೆ ವಿಎಲ್‌ಸಿಯಲ್ಲಿ ನೋಡಿ, ಅಲ್ಲಿ ದನಿಯನ್ನೂ ಬದಲಿಸಬಹುದು.

ತಮಿಳಿನ ದನಿಯನ್ನು ಮಾತ್ರ ತೆಗೆದುಹಾಕಬೇಡಿ. ಪಾಠ ಕನ್ನಡದಲ್ಲಿ ಅರ್ಥವಾದ ಮೇಲೆ ಅದನ್ನೇ ತಮಿಳಿನಲ್ಲೂ ಒಮ್ಮೆ ಕೇಳಲಿ.