ದಾರಿಯಿಲ್ಲದೆಡೆ ಓಡುವ ಗಾಡಿ

ಉತ್ತರ ಅಮೆರಿಕದ ರಾಕಿ ಪರ್ವತಗಳ ಸೀಮೆಯಲ್ಲಿ ಶರತ್ಕಾಲವೆಂದರೆ ಬೇಟೆಯ ಕಾಲ. ಕೊಲೊರಾಡೊ, ಮಾಂಟಾನಾ ಮೊದಲಾದ ರಾಜ್ಯಗಳ ಎತ್ತರದ ಕಾಡುಗಳಲ್ಲಿ ಎಲ್ಕ್ ಎಂಬ ದೊಡ್ಡ ಜಿಂಕೆ ಇದೆ. ನಮ್ಮ ಕಡವೆಯ ಬಂಧು. ಬಲಿತ ಗಂಡು 300 ಕಿಲೋಗ್ರಾಮಿಗೂ ಹೆಚ್ಚು ತೂಗುವುದುಂಟು. ಪರವಾನಗಿ ಪಡೆದ ಬೇಟೆಗಾರನು ಮೋಟಾರು ರಸ್ತೆಯಿಂದ ಎಂಟು ಹತ್ತು ಕಿಲೋಮೀಟರು ಒಳಗೆ ಅದನ್ನು ಹೊಡೆದರೆ, ಮಾಂಸವನ್ನು ಹೊತ್ತು ತರುವುದು ಒಬ್ಬನ ಬೆನ್ನಿಗೆ ಆಗುವ ಕೆಲಸವಲ್ಲ. ಹಿಂದೆ ಈ ಕೆಲಸ ಕುದುರೆಗೂ ಹೇಸರಗತ್ತೆಗೂ ಸೇರಿದ್ದಿತು. ಈಗ ಅದರ ಬಹುಪಾಲನ್ನು ನಾಲ್ಕು ದಪ್ಪ ಟೈರುಗಳ ಒಂದು ಯಂತ್ರ ವಹಿಸಿಕೊಂಡಿದೆ. ಆಲ್-ಟೆರೈನ್ ವೆಹಿಕಲ್, ಅಂದರೆ ಎಲ್ಲ ಬಗೆಯ ನೆಲದಲ್ಲೂ ಓಡುವ ವಾಹನ, ಎಂದು ಅದರ ಹೆಸರು, ಚಿಕ್ಕದಾಗಿ ಎ.ಟಿ.ವಿ. ಮೋಟಾರು ಸೈಕಲ್ಲಿನಂತೆ ಇದರ ಮೇಲೆ ಕಾಲು ಇಳಿಬಿಟ್ಟು ಕೂರಬೇಕು, ಹಿಡಿಕೋಲಿನಿಂದ ತಿರುಗಿಸಬೇಕು.

ನಮ್ಮ ದೇಶದಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆ ಬಂದ ಮೇಲೆ ಬೇಟೆಯ ವಿನೋದ ನಿಂತುಹೋಗಿದೆ. ಈ ಯಂತ್ರಗಳು ಇಲ್ಲಿ ಹೆಚ್ಚಾಗಿ ಕಾಣುವುದು ವಿಹಾರಸ್ಥಾನಗಳಲ್ಲಿ ಮಾತ್ರ. ಆದರೂ ಅಮೆರಿಕದ ಬೇಟೆಗಾರನೊಬ್ಬನು ಹಲವು ಸಾವಿರ ಡಾಲರು ಹಿಡಿದುಕೊಂಡು ಹೊಸ ಎ.ಟಿ.ವಿ. ಕೊಳ್ಳಲು ಹೊರಟಾಗ ಅವನ ಮುಂದೆ ನಿಲ್ಲುವ ಪ್ರಶ್ನೆಗಳು ಭೌತಶಾಸ್ತ್ರದ ವಿದ್ಯಾರ್ಥಿಗೆ ಬಲು ರುಚಿಯಾದವು. ಅಂಗಡಿಯವನ ಬಾಯಿಂದ ಮೊದಲು ಬರುವ ಅಂಕಿ ಎಂಜಿನಿನ ಗಾತ್ರ: 450 ಘನ ಸೆಂಟಿಮೀಟರು, 570, 700, 850, 1000. ಗಿರಾಕಿಯೂ ಅದನ್ನೇ ಕೇಳುತ್ತಾನೆ. ನನ್ನ ಅಭಿಪ್ರಾಯದಲ್ಲಿ ಕೊನೆಗೆ ಕೇಳಬೇಕಾದ ಪ್ರಶ್ನೆ ಅದು. ಮೊದಲು ಕೇಳಬೇಕಾದುದು: ಈ ಗಾಡಿಯ ಭಾರ ಎಲ್ಲಿ ನಿಂತಿದೆ? ಅದು ನೆಲಕ್ಕೆ ಹೇಗೆ ಇಳಿಯುತ್ತದೆ?

ನೆಲಕ್ಕೆ ಇಳಿಯುವ ಮಾತನ್ನೇ ಮೊದಲು ನೋಡೋಣ. ಈ ಯಂತ್ರದ ಜೀವಾಳ ಎಂಜಿನಲ್ಲ, ಟೈರು. 1967ರ ಸುಮಾರಿನಲ್ಲಿ ಅಮೆರಿಕದ ಹೋಂಡಾ ವ್ಯಾಪಾರಿಗಳಿಗೆ ಒಂದು ತೊಂದರೆಯಿದ್ದಿತು: ಚಳಿಗಾಲದಲ್ಲಿ ಮೋಟಾರು ಸೈಕಲ್ಲು ಕೊಳ್ಳುವವರೇ ಇಲ್ಲ. ಹಿಮದ ಮೇಲೂ ಕೆಸರಿನ ಮೇಲೂ ಓಡುವ ಏನಾದರೊಂದು ಬೇಕೆಂದು ಅವರು ಕೇಳಿದರು. ಜಪಾನಿನ ಎಂಜಿನಿಯರುಗಳು ಹಲವು ರಚನೆಗಳನ್ನು ಪರೀಕ್ಷಿಸಿ, ಕೊನೆಗೆ ಉಬ್ಬಿದ ಮೂರು ಟೈರುಗಳ ಗಾಡಿಯೊಂದನ್ನು 1970ರಲ್ಲಿ ಹೊರತಂದರು. ಅದಕ್ಕೆ ಸ್ಪ್ರಿಂಗುಗಳೇ ಇರಲಿಲ್ಲ, ಟೈರುಗಳೇ ಸ್ಪ್ರಿಂಗು.

ಮೆತ್ತನೆಯ ಟೈರು ನೆಲದ ಮೇಲೆ ಹಾಕುವ ಒತ್ತಡವು ಅದರೊಳಗಿನ ಗಾಳಿಯ ಒತ್ತಡಕ್ಕೆ ಹೆಚ್ಚು ಕಡಿಮೆ ಸಮ. ಜೀಪಿನ ಟೈರಿನಲ್ಲಿ ಚದರ ಅಂಗುಲಕ್ಕೆ 30 ಪೌಂಡಿನಷ್ಟು ಗಾಳಿ ಇರುತ್ತದೆ. ಎಂದರೆ ಚದರ ಸೆಂಟಿಮೀಟರಿಗೆ ಸುಮಾರು 2 ಕಿಲೋಗ್ರಾಂ. ಎ.ಟಿ.ವಿ.ಯ ಟೈರಿನಲ್ಲಿ ಇರುವುದು ಸುಮಾರು 5 ಪೌಂಡು. ಎಂದರೆ ಚದರ ಸೆಂಟಿಮೀಟರಿಗೆ 350 ಗ್ರಾಂ. ಈಗ 70 ಕಿಲೋಗ್ರಾಂ ತೂಗುವ ಮನುಷ್ಯನು ನಡೆಯುವಾಗ ಒಂದು ಪಾದದ ಮೇಲೆ ನಿಂತ ಕ್ಷಣವನ್ನು ಲೆಕ್ಕ ಹಾಕಿರಿ. ಪಾದದ ಕ್ಷೇತ್ರ 200 ಚದರ ಸೆಂಟಿಮೀಟರು ಎಂದುಕೊಂಡರೆ, ಉತ್ತರ ಅದೇ 350 ಗ್ರಾಂ! ಮೂರು ಕ್ವಿಂಟಲಿನ ಯಂತ್ರ ಮನುಷ್ಯನಷ್ಟೇ ಹಗುರವಾಗಿ ಹೆಜ್ಜೆ ಇಡುತ್ತದೆ; ಜೀಪು ಹೂತುಹೋಗುವ ಜೌಗಿನಲ್ಲಿ ಅದು ದಾಟಿಹೋಗುತ್ತದೆ. ಕೊಳ್ಳುವವನು ಕಡಮೆ ಒತ್ತಡವನ್ನು ಅಳೆಯುವ ಮಾಪಕವನ್ನೂ ಜೊತೆಗೇ ಕೊಳ್ಳುವುದು ಮೇಲು. ಸಾಧಾರಣ ಕಾರಿನ ಮಾಪಕಕ್ಕೆ ನಾಲ್ಕಕ್ಕೂ ಐದಕ್ಕೂ ಇರುವ ಭೇದ ಸರಿಯಾಗಿ ತಿಳಿಯದು. ಇಲ್ಲಿ ಆ ಒಂದು ಪೌಂಡು ಐದರಲ್ಲಿ ಒಂದು ಪಾಲು.

ಇನ್ನು ಭಾರ ಎಲ್ಲಿ ನಿಂತಿದೆ ಎಂಬ ಮಾತು. ಹುಲ್ಲಿನ ಹೊರೆಯನ್ನು ಎತ್ತರವಾಗಿ ಪೇರಿಸಿದ ಗಾಡಿ ಓರೆಯಲ್ಲಿ ಮಗುಚುವುದನ್ನು ಹಳ್ಳಿಯವರು ಬಲ್ಲರು. ಗುರುತ್ವಕೇಂದ್ರದಿಂದ ನೇರವಾಗಿ ಕೆಳಗೆ ಎಳೆದ ಗೆರೆ ಗಾಲಿಗಳ ನಡುವೆ ಬಿದ್ದರೆ ಗಾಡಿ ನಿಲ್ಲುತ್ತದೆ, ಹೊರಗೆ ಬಿದ್ದರೆ ಉರುಳುತ್ತದೆ. ಲೆಕ್ಕಕ್ಕೆಂದು ಒಂದು ಮಧ್ಯಮ ಗಾತ್ರದ ಎ.ಟಿ.ವಿ.ಯನ್ನು ಹಿಡಿದುಕೊಳ್ಳೋಣ: ತೂಕ 300 ಕಿಲೋಗ್ರಾಂ, ಎಡಬಲದ ಗಾಲಿಗಳ ನಡುವಿನ ಅಂತರ 92 ಸೆಂಟಿಮೀಟರು, ಗುರುತ್ವಕೇಂದ್ರದ ಎತ್ತರ 48 ಸೆಂಟಿಮೀಟರು. ಅಂತರದ ಅರ್ಧವನ್ನು ಎತ್ತರದಿಂದ ಭಾಗಿಸಿದರೆ ಉರುಳುವ ಕೋನದ ಟ್ಯಾಂಜೆಂಟು ದೊರೆಯುತ್ತದೆ. 46ನ್ನು 48ರಿಂದ ಭಾಗಿಸಿದರೆ ಕೋನ ಸುಮಾರು 44 ಡಿಗ್ರಿ. ಆದರೆ ಇದು ಅಂಗಡಿಯಲ್ಲಿ ನಿಂತ ಗಾಡಿ. ಇದರ ಮೇಲೆ 80 ಕಿಲೋಗ್ರಾಮಿನ ಸವಾರ ಕೂತರೆ, ಅವನ ಗುರುತ್ವಕೇಂದ್ರ ನೆಲದಿಂದ ಸುಮಾರು 105 ಸೆಂಟಿಮೀಟರು ಮೇಲಿರುತ್ತದೆ. ಇಬ್ಬರದೂ ಸೇರಿದ ಕೇಂದ್ರ 60 ಸೆಂಟಿಮೀಟರಿಗೆ ಏರುತ್ತದೆ, ಕೋನ 37½ ಡಿಗ್ರಿಗೆ ಇಳಿಯುತ್ತದೆ. ಅವನ ಹಿಂದೆ ಇನ್ನೊಬ್ಬನನ್ನು ಕೂರಿಸಿದರೆ ಸುಮಾರು 34. ಈ ಯಂತ್ರದ ಆಸನ ಉದ್ದವಾಗಿರುವುದನ್ನು ಕಂಡು ಇಬ್ಬರು ಕೂರಬಹುದೆಂದು ಭ್ರಮಿಸುವವರು ಬಹಳ. ಸಾಮಾನ್ಯ ಎ.ಟಿ.ವಿ.ಯಲ್ಲಿ ಆ ಉದ್ದವಿರುವುದು ಒಬ್ಬನೇ ಸವಾರನು ಏರಿನಲ್ಲಿ ಮುಂದಕ್ಕೂ ಇಳಿಜಾರಿನಲ್ಲಿ ಹಿಂದಕ್ಕೂ ಸರಿಯಲೆಂದು.

ಸವಾರನು ಇಲ್ಲಿ ಬರಿಯ ಹೊರೆಯಲ್ಲ, ಯಂತ್ರದ ಒಂದು ಅಂಗ. ಅವನು ಗುಡ್ಡದ ಕಡೆಗೆ 20 ಸೆಂಟಿಮೀಟರು ವಾಲಿದನೆನ್ನಿ. ಒಟ್ಟು ಗುರುತ್ವಕೇಂದ್ರ ನಾಲ್ಕು ಸೆಂಟಿಮೀಟರಿಗೂ ಸ್ವಲ್ಪ ಹೆಚ್ಚು ಆ ಕಡೆ ಸರಿದು, 37½ ಡಿಗ್ರಿ ಸುಮಾರು 40 ಆಗುತ್ತದೆ. ಹೆದರಿ ಕಣಿವೆಯ ಕಡೆಗೆ ಅಷ್ಟೇ ವಾಲಿದರೆ 35. ಸರಿಯಾಗಿ ವಾಲುವುದಕ್ಕೂ ತಪ್ಪಾಗಿ ವಾಲುವುದಕ್ಕೂ ಐದು ಡಿಗ್ರಿಗಳ ಭೇದ! ನಲವತ್ತು ಕಿಲೋಗ್ರಾಮಿನ ಹುಡುಗ ವಾಲಿದರೆ ಈ ಸರಿತ ಅರ್ಧದಷ್ಟು ಮಾತ್ರ. 16 ವರ್ಷ ತುಂಬದವರಿಗೆ ದೊಡ್ಡವರ ಎ.ಟಿ.ವಿ.ಯನ್ನು ಕೊಡಬಾರದೆಂದು ಅಮೆರಿಕದ ಗ್ರಾಹಕ ವಸ್ತು ಸುರಕ್ಷತಾ ಆಯೋಗ ಹೇಳುತ್ತ ಬಂದಿರುವುದಕ್ಕೆ ಹುಡುಗರ ದುಡುಕೊಂದೇ ಕಾರಣವಲ್ಲ, ಅವರ ತೂಕವೂ ಕಾರಣ.

ಹೋಂಡಾದ ಮೊದಲ ಗಾಡಿಗೆ ಮೂರು ಗಾಲಿಗಳಿದ್ದುವೆಂದು ಹೇಳಿದೆನಷ್ಟೆ. ಅದೇ ಅಗಲ, ಅದೇ ಎತ್ತರವಿಟ್ಟು ಮುಂದೆ ಒಂದೇ ಗಾಲಿ ಹಾಕಿರಿ. ಆಗ ಆಸರೆ ಚೌಕವಲ್ಲ, ತ್ರಿಕೋಣ. ಗುರುತ್ವಕೇಂದ್ರವು ಹಿಂದಿನ ಇರುಸಿನಿಂದ ಮುಂದಿನ ಗಾಲಿಯವರೆಗಿನ ಉದ್ದದಲ್ಲಿ ಹತ್ತರಲ್ಲಿ ನಾಲ್ಕು ಪಾಲು ಮುಂದಿದ್ದರೆ, ಅಲ್ಲಿ ತ್ರಿಕೋಣದ ಅರ್ಧ ಅಗಲ 46 ಅಲ್ಲ, ಬರಿಯ 27.6 ಸೆಂಟಿಮೀಟರು; ಉರುಳುವ ಕೋನ 25 ಡಿಗ್ರಿಗೆ ಕುಸಿಯಿತು. ಈ ಲೆಕ್ಕವನ್ನು ಅಮೆರಿಕದ ಜನ ಕಾಗದದ ಮೇಲೆ ಮಾಡಲಿಲ್ಲ, ಆಸ್ಪತ್ರೆಗಳಲ್ಲಿ ಮಾಡಿದರು. 1980ರ ದಶಕದಲ್ಲಿ ನೂರಾರು ಮಂದಿ, ಅವರಲ್ಲಿ ಅನೇಕರು ಮಕ್ಕಳು, ಎ.ಟಿ.ವಿ.ಗಳ ಅಪಘಾತಗಳಲ್ಲಿ ಸತ್ತರು. 1988ರಲ್ಲಿ ಸರಕಾರಕ್ಕೂ ತಯಾರಕರಿಗೂ ನ್ಯಾಯಾಲಯದಲ್ಲಿ ಒಪ್ಪಂದವಾಗಿ ಹೊಸ ಮೂರು ಗಾಲಿಯ ಗಾಡಿಗಳ ಮಾರಾಟ ನಿಂತಿತು. ಅಷ್ಟು ಹೊತ್ತಿಗೆ ಸುಜುಕಿಯ ನಾಲ್ಕು ಗಾಲಿಯ ಗಾಡಿ ಪೇಟೆಗೆ ಬಂದು ಕೆಲವು ವರ್ಷಗಳಾಗಿದ್ದುವು. 1986ರಲ್ಲಿ ಹೋಂಡಾ ನಾಲ್ಕು ಗಾಲಿಗಳಿಗೂ ಎಂಜಿನಿನ ಶಕ್ತಿ ಹಾಯುವ ಮಾದರಿಯನ್ನು ತಂದಿತ್ತು.

ನಮ್ಮ ಲೆಕ್ಕದಲ್ಲಿ ಗಾಡಿ ಕಲ್ಲಿನಂತೆ ಗಟ್ಟಿ. ನಿಜವಾದ ಗಾಡಿಯಲ್ಲಿ ಕೆಳಮಗ್ಗುಲಿನ ಟೈರು ಅಮುಕಿಕೊಳ್ಳುತ್ತದೆ, ಸ್ಪ್ರಿಂಗು ಕುಗ್ಗುತ್ತದೆ. ಆದುದರಿಂದ ನಿಜವಾದ ಕೋನ ಇನ್ನೂ ಕಡಮೆ. ಆಸ್ಟ್ರೇಲಿಯಾದಲ್ಲಿ ರೈತರು ಈ ಯಂತ್ರದಡಿ ಸಿಕ್ಕಿ ಸಾಯುವುದು ಹೆಚ್ಚಿದುದರಿಂದ 2019ರಲ್ಲಿ ಅಲ್ಲಿಯ ಸರಕಾರ ಒಂದು ನಿಯಮ ಮಾಡಿತು. ಅದರ ಮೇರೆಗೆ, 2020ರ ಅಕ್ಟೋಬರಿನಿಂದ ಹೊಸ ಗಾಡಿಯೊಂದೊಂದಕ್ಕೂ ಅದು ಎಷ್ಟು ಡಿಗ್ರಿಯಲ್ಲಿ ಪಕ್ಕಕ್ಕೆ ಉರುಳಲು ತೊಡಗುತ್ತದೆಂಬ ಚೀಟಿ ಕಟ್ಟಬೇಕಾಯಿತು. ಮುಂದಿನ ವರ್ಷದಿಂದ, ಬೇಸಾಯದಂಥ ಸಾಮಾನ್ಯ ಬಳಕೆಯ ಗಾಡಿಗಳಿಗೆ 28.81 ಡಿಗ್ರಿಯವರೆಗಾದರೂ ನಿಲ್ಲುವ ಶಕ್ತಿಯೂ, ಮಗುಚಿದಾಗ ಸವಾರನ ಮೇಲೆ ಪೂರಾ ಭಾರ ಬೀಳದಂತೆ ತಡೆಯುವ ಚೌಕಟ್ಟೂ ಇರಲೇಬೇಕೆಂದಾಯಿತು. ಒಪ್ಪದ ಕೆಲವು ದೊಡ್ಡ ಕಂಪೆನಿಗಳು ಆ ದೇಶದಲ್ಲಿ ಮಾರಾಟವನ್ನೇ ಬಿಟ್ಟುವು. ಚೌಕಟ್ಟಿನಿಂದ ಬೇರೆ ಬಗೆಯ ಪೆಟ್ಟಾಗಬಹುದೆಂಬುದು ಅವರ ವಾದ. ಚೀಟಿಯ ಮಟ್ಟಿಗಂತೂ ಯಾವ ದೇಶದ ಗಿರಾಕಿಯಾದರೂ ಅದನ್ನು ಕೇಳುವುದು ನ್ಯಾಯ.

ಹಾಗಾದರೆ ಗಾಡಿಯನ್ನು ಇನ್ನೂ ಅಗಲ ಮಾಡಬಾರದೇಕೆ? ಮಾಡಬಹುದು, ಮಾಡಿಯೂ ಇದ್ದಾರೆ. ಆದರೆ ಅಮೆರಿಕದ ರಾಷ್ಟ್ರೀಯ ಅರಣ್ಯಗಳಲ್ಲಿ ಅನೇಕ ಕಿರುದಾರಿಗಳು 50 ಅಂಗುಲಕ್ಕಿಂತ ಅಗಲವಾದ ವಾಹನಗಳಿಗೆ ಮುಚ್ಚಿವೆ. ಒಂದು ಅಂಗುಲ ಹೆಚ್ಚಾದರೂ ದಾರಿಯ ಬಾಯಲ್ಲಿಯೇ ನಿಲ್ಲಬೇಕು. ಕಾರಿನಂತೆ ಇಬ್ಬರು ಪಕ್ಕಪಕ್ಕದಲ್ಲಿ ಕೂರುವ, ತಲೆಯ ಮೇಲೆ ಚೌಕಟ್ಟಿರುವ ದೊಡ್ಡ ಗಾಡಿಗಳಲ್ಲಿ ಹಲವು ಈ ಅಳತೆಯನ್ನು ಮೀರಿದವು. ಕೊಳ್ಳುವವನು ಅಂಗಡಿಗೆ ಹೋಗುವ ಮುನ್ನ ಅರಣ್ಯ ಇಲಾಖೆಯ ನಕ್ಷೆಯನ್ನು ಬಿಚ್ಚಿ ನೋಡುವುದು ಲೇಸು.

ತಿರುವಿನಲ್ಲಿ ಇನ್ನೊಂದು ವಿಚಿತ್ರವಿದೆ. ತಿರುಗುವಾಗ ಹೊರಗಿನ ಗಾಲಿ ಒಳಗಿನದಕ್ಕಿಂತ ಹೆಚ್ಚು ದೂರ ಉರುಳಬೇಕು. ಎತ್ತಿನ ಗಾಡಿಯ ಗಾಲಿಗಳು ಇರುಸಿನ ಮೇಲೆ ಬೇರೆಬೇರೆಯಾಗಿ ತಿರುಗುವುದರಿಂದ ಅಲ್ಲಿ ತೊಂದರೆಯಿಲ್ಲ. ಕಾರಿನಲ್ಲಿ ಡಿಫರೆನ್ಷಿಯಲ್ ಎಂಬ ಹಲ್ಲುಗಾಲಿಗಳ ಕೂಟ ಈ ಭೇದವನ್ನು ಹೊಂದಿಸುತ್ತದೆ. ಅನೇಕ ಎ.ಟಿ.ವಿ.ಗಳ ಹಿಂಬದಿಯಲ್ಲಿ ಇದು ಇಲ್ಲ. ಎರಡು ಗಾಲಿಗಳೂ ಒಂದೇ ಇರುಸಿಗೆ ಬಿಗಿದಿರುತ್ತವೆ; ಕೆಸರಿನಲ್ಲಿ ಒಂದು ಗಾಲಿ ಜಾರಿದರೂ ಇನ್ನೊಂದು ಎಳೆಯಲೆಂದು. ಆದುದರಿಂದ ಗಾಡಿ ತಿರುಗಲೊಲ್ಲದೆ ನೇರವಾಗಿಯೇ ನುಗ್ಗಲು ನೋಡುತ್ತದೆ. ಸವಾರನು ಮೈಯನ್ನು ತಿರುವಿನ ಒಳಕ್ಕೆ ವಾಲಿಸಿ, ಕಾಲಿನ ಒತ್ತನ್ನು ಮಾತ್ರ ಹೊರಗಿನ ಮೆಟ್ಟಿಲಿನ ಮೇಲೆ ಹಾಕಬೇಕು. ಆಗ ಒಳಗಾಲಿ ಹಗುರಾಗಿ ಸ್ವಲ್ಪ ಜಾರಿ ಗಾಡಿ ತಿರುಗುತ್ತದೆ. ಬೈಸಿಕಲ್ಲು ಬಲ್ಲವನಿಗೆ ಇದು ಹೊಸ ವಿದ್ಯೆ, ಕಲಿತೇ ತೀರಬೇಕು. ನಮ್ಮ ಲೆಕ್ಕದ ಗಾಡಿ 6 ಮೀಟರು ತ್ರಿಜ್ಯದ ತಿರುವಿನಲ್ಲಿ, ಟೈರು ಜಾರದೆ ಹಿಡಿದುಕೊಂಡರೆ, ಗಂಟೆಗೆ 24 ಕಿಲೋಮೀಟರು ವೇಗದಲ್ಲೇ ಒಳಗಾಲಿಗಳನ್ನು ಎತ್ತುತ್ತದೆ. ಸಡಿಲ ಮಣ್ಣಿನಲ್ಲಿ ಮೊದಲು ಜಾರುತ್ತದೆ. ಜಾರುವಾಗ ಕಲ್ಲೋ ಬೇರೋ ತಡೆದರೆ ಪಲ್ಟಿಯಾಗುತ್ತದೆ.

ಈಗ ಎಂಜಿನಿನ ಮಾತು. ಸಮುದ್ರಮಟ್ಟದಿಂದ 3,000 ಮೀಟರು ಮೇಲೆ ಗಾಳಿ ವಿರಳ. ಅದರ ಸಾಂದ್ರತೆ ಕೆಳಗಿನದರ ಮುಕ್ಕಾಲು ಪಾಲಿನಷ್ಟು. ಎಂಜಿನಿನ ಬಲವೂ ಕಾಲು ಪಾಲಿಗಿಂತ ಕಡಮೆಯಿಲ್ಲದಂತೆ ಕುಗ್ಗುತ್ತದೆ. ಆದುದರಿಂದ ಎತ್ತರದ ಕಾಡಿಗೆ ಹೋಗುವವನು 400ರ ಬದಲು 500 ಕೇಳಿದರೆ ತಪ್ಪಲ್ಲ. 1000 ಕೇಳುವುದು ಬಹುಮಟ್ಟಿಗೆ ಪ್ರದರ್ಶನಕ್ಕೆ. ಅದಕ್ಕಿಂತ ಮುಖ್ಯವಾದುದು ಎಂಜಿನಿನ ಶಕ್ತಿ ಗಾಲಿಗೆ ಮುಟ್ಟುವ ದಾರಿ. ಹೆಚ್ಚಿನ ಗಾಡಿಗಳಲ್ಲಿ ಗೇರುಗಳ ಬದಲು ಎರಡು ರಾಟೆಗಳೂ ಒಂದು ರಬ್ಬರಿನ ಪಟ್ಟಿಯೂ ಇರುತ್ತವೆ. ಎಂಜಿನು ವೇಗವಾಗಿ ಸುತ್ತಿದಂತೆ ರಾಟೆಯೊಳಗಿನ ತೂಕಗಳು ಹೊರಕ್ಕೆ ಚಿಮ್ಮಿ, ರಾಟೆಯ ಎರಡು ಬದಿಗಳನ್ನು ಒತ್ತಿ, ಪಟ್ಟಿಯನ್ನು ಅಂಚಿಗೆ ಏರಿಸುತ್ತವೆ; ಗೇರು ತಾನಾಗಿಯೇ ಬದಲಾದಂತೆ. ಸೊಗಸಾದ ಉಪಾಯ. ಆದರೆ ಇಳಿಜಾರಿನಲ್ಲಿ ಸವಾರ ಬೆರಳು ಬಿಟ್ಟೊಡನೆ ಎಂಜಿನು ನಿಧಾನವಾಗಿ, ಸರಳ ರಚನೆಯಲ್ಲಿ ಪಟ್ಟಿ ಸಡಿಲಾಗುತ್ತದೆ. ಆಗ ಎಂಜಿನಿನ ತಡೆ ಇಲ್ಲದೆ ಗಾಡಿ ಕಡಿದಾದ ದಾರಿಯಲ್ಲಿ ತನ್ನಷ್ಟಕ್ಕೆ ಉರುಳುತ್ತದೆ. ಇದನ್ನು ತಡೆಯುವ ಏರ್ಪಾಡು ಉಳ್ಳ ಮಾದರಿಗಳಿವೆ. ಪಟ್ಟಿಯ ಬದಲು ಗೇರುಗಳನ್ನೇ ಉಳಿಸಿಕೊಂಡವೂ ಇವೆ. ಬೆಟ್ಟದ ಸವಾರನು ಬೆಲೆಯ ಚೀಟಿಗಿಂತ ಮೊದಲು ಇದನ್ನು ವಿಚಾರಿಸಬೇಕು. ಹಳ್ಳ ದಾಟುವವನು ಪಟ್ಟಿಯ ಪೆಟ್ಟಿಗೆಗೆ ಗಾಳಿ ಬರುವ ಕೊಳವೆ ಎಷ್ಟು ಎತ್ತರದಲ್ಲಿದೆ ಎಂಬುದನ್ನೂ ನೋಡಬೇಕು. ಪಟ್ಟಿ ನೆನೆದರೆ ಜಾರುತ್ತದೆ.

ಕೊನೆಗೆ ಹೊರೆ. ಮಾಂಸವನ್ನು ಬೇಟೆಯ ಸ್ಥಳದಲ್ಲೇ ತುಂಡುಮಾಡಿ ತರುವುದು ವಾಡಿಕೆ. ಗಾಡಿಯ ಮುಂದಿನ ಕಂಬಿಯ ಮೇಲೆ ಸುಮಾರು 40, ಹಿಂದೆ 80 ಕಿಲೋಗ್ರಾಂ ಹೇರಬಹುದೆಂದು ತಯಾರಕರು ಬರೆದಿರುತ್ತಾರೆ. ಆದರೆ ಈ ಕಂಬಿಗಳು ಇರುವುದು ಗಾಡಿಯ ನೆತ್ತಿಯ ಮೇಲೆ. ಹುಲ್ಲಿನ ಗಾಡಿಯ ಕಥೆ ಇಲ್ಲಿಗೂ ಸಲ್ಲುತ್ತದೆ. ಹಿಂದೆ ಒಂದು ಚಿಕ್ಕ ತಳ್ಳುಗಾಡಿಯನ್ನು ಕಟ್ಟಿಕೊಂಡರೆ ಹೊರೆ ತನ್ನದೇ ಗಾಲಿಗಳ ಮೇಲೆ ತಗ್ಗಿನಲ್ಲಿ ಬರುತ್ತದೆ. ಹೀಗೆ ಎಳೆಯಬೇಕೆಂದಿರುವವನಿಗೆ ಹಿಂದೆ ಒಂದೇ ಇರುಸಿನ ಗಟ್ಟಿ ಗಾಡಿ ಒಳ್ಳೆಯದು, ಹೊರೆಗೆ ವಾಲುವುದು ಕಡಮೆ. ದಿನವಿಡೀ ಕಲ್ಲುದಾರಿಯಲ್ಲಿ ವಿಹರಿಸಬೇಕೆನ್ನುವವನಿಗೆ ನಾಲ್ಕು ಗಾಲಿಗಳೂ ಬೇರೆಬೇರೆ ಕುಣಿಯುವ ಗಾಡಿ ಮೇಲು. ಅವನ ಬೆನ್ನುಮೂಳೆ ಅವನನ್ನು ಹರಸುತ್ತದೆ.

ಎಲ್ಲವನ್ನೂ ಅಳೆದು ತೂಗಿ ಕೊಂಡ ಬಳಿಕವೂ ಬೇಟೆಗಾರನಿಗೆ ಒಂದು ತೊಡಕು ಉಳಿಯುತ್ತದೆ. ಆರೆಗಾನ್ ರಾಜ್ಯದ ಸ್ಟಾರ್ಕಿ ಪ್ರಯೋಗಾರಣ್ಯದಲ್ಲಿ ವಿಜ್ಞಾನಿಗಳು ಎಲ್ಕ್‌ಗಳ ಕೊರಳಿಗೆ ರೇಡಿಯೋ ಪಟ್ಟಿ ಕಟ್ಟಿ, ಅವುಗಳಿದ್ದ ಕಾಡಿನೊಳಗೆ ನಡೆಯುವವರನ್ನೂ ಕುದುರೆಸವಾರರನ್ನೂ ಬೈಸಿಕಲ್ಲಿನವರನ್ನೂ ಎ.ಟಿ.ವಿ. ಸವಾರರನ್ನೂ ಬೇರೆಬೇರೆ ದಿನಗಳಲ್ಲಿ ಕಳಿಸಿ ನೋಡಿದರು. ಪ್ರಾಣಿಗಳನ್ನು ಎಲ್ಲಕ್ಕಿಂತ ಹೆಚ್ಚು ಚದುರಿಸಿದುದು ಎ.ಟಿ.ವಿ.ಯೇ. ಅನುಭವಸ್ಥರು ಯಂತ್ರವನ್ನು ಬಹಳ ದೂರದಲ್ಲೇ ನಿಲ್ಲಿಸಿ, ಬೆಳಗಿನ ಕತ್ತಲೆಯಲ್ಲಿ ಉಳಿದ ದಾರಿಯನ್ನು ಕಾಲ್ನಡೆಯಲ್ಲಿ ಏರುತ್ತಾರೆ. ಗಾಡಿ ಮರದಡಿ ಸಂಜೆಯ ಹೊರೆಗಾಗಿ ಕಾಯುತ್ತಿರುತ್ತದೆ.