ಅರ್ಥವಾಗದಿರುವುದು ಎರಡೂ ಕಡೆಯವರಿಗೆ

ಆಟಿಸಂ ಇರುವವರಿಗೆ ಎದುರಿನವರ ಮನಸ್ಸು ತಿಳಿಯುವುದಿಲ್ಲ ಎಂಬ ಮಾತನ್ನು ದಶಕಗಳ ಕಾಲ ಎಲ್ಲರೂ ನಂಬಿಕೊಂಡು ಬಂದರು. ಸ್ವತಃ ಆಟಿಸ್ಟಿಕ್ ಆಗಿರುವ ಬ್ರಿಟನ್ನಿನ ವಿದ್ವಾಂಸ ಡೇಮಿಯನ್ ಮಿಲ್ಟನ್ 2012ರಲ್ಲಿ ಇದನ್ನು ಪ್ರಶ್ನಿಸಿದರು. ಅರ್ಥವಾಗದಿರುವುದು ಎರಡೂ ಕಡೆಯವರಿಗೆ, ಕೊರತೆ ಮಾತ್ರ ಒಬ್ಬರ ತಲೆಗೆ ಕಟ್ಟಲಾಗಿದೆ ಎಂಬುದು ಅವರ ವಾದದ ತಿರುಳು. ಇದಕ್ಕೆ ಆಧಾರವೂ ಇದೆ. ಅಮೆರಿಕದ ನೋವಾ ಸ್ಯಾಸನ್ ಮತ್ತು ಸಂಗಡಿಗರು 2017ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಆಟಿಸ್ಟಿಕ್ ವ್ಯಕ್ತಿಗಳು ಮಾತನಾಡುವ ಕೆಲವೇ ಕ್ಷಣಗಳ ತುಣುಕು ನೋಡಿದವರು ಅವರೊಡನೆ ಬೆರೆಯಲು ಹಿಂಜರಿದರು. ಅದೇ ಮಾತನ್ನು ಬರಹದಲ್ಲಿ ಓದಿದಾಗ ಆ ಹಿಂಜರಿಕೆ ಇರಲಿಲ್ಲ. ಅಂದರೆ ಮಾತಿನ ಹುರುಳಿನಲ್ಲಿ ಕೊರತೆ ಇರಲಿಲ್ಲ. ದನಿ, ಮುಖಭಾವ, ನೋಟ ನೋಡಿಯೇ ಜನ ತೀರ್ಮಾನಕ್ಕೆ ಬಂದಿದ್ದರು.

ಈ ವಾದಕ್ಕೆ ಅಪಸ್ವರವೂ ಇದೆ. ಒಬ್ಬರಿಂದೊಬ್ಬರಿಗೆ ಕಥೆ ದಾಟಿಸುವ 2020ರ ಸಣ್ಣ ಪ್ರಯೋಗವೊಂದರಲ್ಲಿ, ಆಟಿಸ್ಟಿಕ್ ವ್ಯಕ್ತಿಗಳು ತಮ್ಮತಮ್ಮಲ್ಲಿ ಚೆನ್ನಾಗಿಯೇ ದಾಟಿಸಿದರು. ಆಟಿಸ್ಟಿಕ್ ಅಲ್ಲದವರೂ ಸೇರಿದ ಮಿಶ್ರ ಗುಂಪಿನಲ್ಲಿ ಮಾತ್ರ ವಿವರಗಳು ಹೆಚ್ಚು ಸೋರಿಹೋದವು. ಆದರೆ ಅದನ್ನೇ 2025ರಲ್ಲಿ 300ಕ್ಕೂ ಹೆಚ್ಚು ಜನರೊಂದಿಗೆ ಮತ್ತೆ ನಡೆಸಿದಾಗ ಮಿಶ್ರ ಗುಂಪೂ ಹಿಂದೆ ಬೀಳಲಿಲ್ಲ. ಮಿಲ್ಟನ್ ಅವರ ವಾದ ಇದರಿಂದ ಬಿದ್ದುಹೋಯಿತೆನ್ನುವವರು ಒಂದನ್ನು ಗಮನಿಸಬೇಕು: ಆಟಿಸ್ಟಿಕ್ ವ್ಯಕ್ತಿಗಳಿಗೆ ವಿಷಯ ಮುಟ್ಟಿಸಲು ಬರುವುದಿಲ್ಲ ಎಂಬ ಹಳೆಯ ನಂಬಿಕೆಗೆ ಈ ಎರಡರಲ್ಲಿ ಯಾವುದೂ ಬೆಂಬಲ ಕೊಡುವುದಿಲ್ಲ.

ಎರಡೂ ಕಡೆಯ ಈ ತೊಡಕು ಕಾಣಲು, ಆಟಿಸ್ಟಿಕ್ ಹುಡುಗನೊಬ್ಬ ಬಂದಿರುವ ವೈದ್ಯರ ಕೋಣೆಯನ್ನೇ ನೋಡೋಣ. "ಏನಪ್ಪಾ, ಹೇಗಿದ್ದೀಯ?" ಎಂದು ಕೇಳುತ್ತಾರೆ. ಈ ಪ್ರಶ್ನೆಗೆ ನೂರು ಉತ್ತರವಿದೆ. ಹುಡುಗ ಯಾವುದೆಂದು ಯೋಚಿಸುತ್ತಿರುವಾಗಲೇ ಅದನ್ನೇ ಬೇರೆ ಪದಗಳಲ್ಲಿ ಮತ್ತೆ ಕೇಳುತ್ತಾರೆ. ಅವನು ಮೊದಲಿನಿಂದ ಶುರುಮಾಡಬೇಕು. ಕೊನೆಗೆ ವೈದ್ಯರು ತಾಯಿಯ ಕಡೆ ತಿರುಗುತ್ತಾರೆ, ಹುಡುಗನ ಸರದಿ ಮುಗಿಯಿತು. "ಹೊಟ್ಟೆ ನೋಯುತ್ತಿದೆಯಾ? ಎಲ್ಲಿ ಅಂತ ಬೆರಳಿಟ್ಟು ತೋರಿಸು" ಎಂದು ಕೇಳಿ ಸುಮ್ಮನೆ ಕಾದಿದ್ದರೆ ಉತ್ತರ ಸಿಗುವ ಸಾಧ್ಯತೆ ಹೆಚ್ಚಿತ್ತು. ಕಣ್ಣಲ್ಲಿ ಕಣ್ಣಿಟ್ಟು ನೋಡು ಎಂದು ಒತ್ತಾಯಿಸುವುದೂ ಬೇಡ. ಎಷ್ಟೋ ಮಂದಿಗೆ ಅದು ಹಿಂಸೆ, ಬೇರೆಡೆ ನೋಡುವಾಗಲೇ ಅವರ ಕಿವಿ ಚುರುಕಾಗಿರುತ್ತದೆ. ಕೊಡಲಾಗದ್ದಕ್ಕೆ "ನೋಡೋಣ" ಎನ್ನುವ ನಮ್ಮ ಸೌಜನ್ಯವೂ ಇಲ್ಲಿ ಕೆಲಸಕ್ಕೆ ಬಾರದು. ಇಲ್ಲ ಎಂದರೆ ಇಲ್ಲ ಎನ್ನುವುದೇ ಗೌರವ.

ಮಾತೇ ಆಡದವರ ಗತಿಯೇನು ಎಂದು ಪೋಷಕರು ಕೇಳುವುದು ನ್ಯಾಯವೇ. ಮಾತು ಬಾರದು ಎಂದರೆ ತಿಳಿಯದು ಎಂದಲ್ಲ. ಚಿತ್ರದ ಕಾರ್ಡು, ಟ್ಯಾಬ್, ಬೆರಳಚ್ಚು, ಸನ್ನೆ ಎಲ್ಲವೂ ದಾರಿಗಳೇ. ಆದರೆ ಬೇರೆಯವರು ಕೈ ಹಿಡಿದು ಬರೆಸುವ ವಿಧಾನದ ಬಗ್ಗೆ ಎಚ್ಚರ ಬೇಕು. ಪರೀಕ್ಷಿಸಿದಾಗ ಆ ಮಾತುಗಳು ಕೈ ಹಿಡಿದವರದ್ದೇ ಎಂದು ಕಂಡುಬಂದಿದೆ.

ಲೋಕ ಅವರಿಗಾಗಿ ಬದಲಾಗದು, ಅವರೇ ಹೊಂದಿಕೊಳ್ಳಲಿ ಎಂಬುದು ಇನ್ನೊಂದು ಆಕ್ಷೇಪ. ಅವರು ದಿನವಿಡೀ ಮಾಡುತ್ತಿರುವುದು ಅದನ್ನೇ. ತಮ್ಮತನ ಮುಚ್ಚಿಟ್ಟು ಇತರರಂತೆ ನಟಿಸುವುದಕ್ಕೂ ಆತಂಕ, ಖಿನ್ನತೆಗಳಿಗೂ ನಂಟಿರುವುದನ್ನು ಹಲವು ಅಧ್ಯಯನಗಳು ಕಂಡಿವೆ. ಮೇಲಾಗಿ ನಮ್ಮ ಕಾನೂನು ಹೊಂದಾಣಿಕೆಯ ಹೊರೆಯನ್ನು ಅವರೊಬ್ಬರ ಮೇಲೆ ಹೊರಿಸಿಲ್ಲ. ಅಂಗವಿಕಲರ ಹಕ್ಕುಗಳ 2016ರ ಕಾಯ್ದೆ ಆಟಿಸಂ ಅನ್ನು ತನ್ನ ಪಟ್ಟಿಯಲ್ಲಿ ಸೇರಿಸಿದೆ. ಸಂವಹನ ಎಂದರೆ ಸರಳ ಭಾಷೆ, ಚಿತ್ರ, ಬರಹ, ಬದಲಿ ಸಾಧನಗಳೂ ಹೌದು ಎಂದು ವ್ಯಾಖ್ಯಾನಿಸಿದೆ. ಹಾಗಾಗಿ ಬ್ಯಾಂಕಿನ ಕೌಂಟರಿನಲ್ಲಿ ಒಬ್ಬರು ಫೋನಿನಲ್ಲಿ ಟೈಪ್ ಮಾಡಿ ತೋರಿಸಿದರೆ, ಸಿಬ್ಬಂದಿ ಅದನ್ನು ಓದಿ, ಜೊತೆಗೆ ಬಂದವರಿಗಲ್ಲ, ಅವರಿಗೇ ಉತ್ತರಿಸಬೇಕು.